ಬರೆಯ ಬುಡದಲ್ಲಿ ನಿಂತವನ ಜೀವ ಯಾರ ಕೈಯಲ್ಲಿದೆ?

ಪ್ರಶ್ನೆ: ನಮಸ್ಕಾರ ಸರ್. ನಾವು ಗಂಡ ಹೆಂಡತಿ ಇಬ್ಬರೂ ಶಿಕ್ಷಕರು. ಮಡಿಕೇರಿಯ ಹೊರಗೆ, ಹಿಂದೆ ಕಾಫಿ ತೋಟವಾಗಿದ್ದ ಇಳಿಜಾರಿನಲ್ಲಿ 8 ಸೆಂಟ್ ಜಾಗ ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದೇವೆ. ಜಾಗ ಸಮ ಮಾಡಲು ಹಿಂದುಗಡೆ ಗುಡ್ಡವನ್ನು ಮಣ್ಣಿನ ಗೋಡೆಯ ಹಾಗೆ 14 ಅಡಿ ಎತ್ತರಕ್ಕೆ ಕಡಿದಾಗಿದೆ. ನಮ್ಮ ಕಡೆ ಇದಕ್ಕೆ ಬರೆ ಅನ್ನುತ್ತಾರೆ. ಕಳೆದ ತಿಂಗಳು ನಮ್ಮಿಂದ ನಾಲ್ಕು ಸೈಟ್ ಆಚೆ ಹೀಗೇ ಕಡಿದ ಬರೆ ಜರಿದು ಒಬ್ಬ ಹುಡುಗ ತೀರಿಕೊಂಡ. ಅಸ್ಸಾಂ ಕಡೆಯವನು. 25 ವರ್ಷ. ಊರಲ್ಲಿ ಹೆಂಡತಿ, ಚಿಕ್ಕ ಮಗು ಇದ್ದಾರಂತೆ. ನಮ್ಮ ಮೇಸ್ತ್ರಿಯನ್ನು ಕೇಳಿದರೆ, "ಅದು ಅವನ ಹಣೆಬರಹ. ನಮ್ಮ ಮಣ್ಣು ಗಟ್ಟಿ ಇದೆ, ಹೆದರಬೇಡಿ" ಅನ್ನುತ್ತಾರೆ. ನಮಗೆ ರಾತ್ರಿ ನಿದ್ದೆ ಬರುತ್ತಿಲ್ಲ. ನಮ್ಮಲ್ಲಿ ಹಾಗೆ ಆಗದಂತೆ ಏನು ಮಾಡಬೇಕು? ಹಾಗೇನಾದರೂ ಆಗಿಬಿಟ್ಟರೆ ಜವಾಬ್ದಾರಿ ಯಾರದು? ಆ ಹುಡುಗನ ಮನೆಯವರಿಗೆ ಏನಾದರೂ ಸಿಗುತ್ತಾ?

ಉತ್ತರ: ನಿಮ್ಮ ಭಯ ಸರಿಯಾಗಿದೆ. ಇದನ್ನು ಓದಿ ಮುಗಿಸುವ ಮೊದಲು ಒಂದು ಕೆಲಸ ಮಾಡಿ. ಮೇಸ್ತ್ರಿಗೆ ಫೋನ್ ಮಾಡಿ. ಆ ಬರೆಯ ಬುಡದಲ್ಲಿ ನಾಳೆಯಿಂದ ಯಾರೂ ನಿಲ್ಲಬಾರದು, ಅಲ್ಲಿರುವ ಪಾಯದ ಗುಂಡಿಗೆ ಯಾರೂ ಇಳಿಯಬಾರದು ಅಂತ ಹೇಳಿ. ಬರೆ ಎಷ್ಟು ಎತ್ತರ ಇದೆಯೋ ಕನಿಷ್ಠ ಅಷ್ಟೇ ದೂರಕ್ಕೆ, ಅಂದರೆ 14 ಅಡಿ ಬಿಟ್ಟು, ಒಂದು ಹಗ್ಗ ಕಟ್ಟಿಸಿ. ಹಗ್ಗದ ಒಳಗಿನ ಕೆಲಸ ನಿಲ್ಲಲಿ. ನಾಲ್ಕು ದಿನದ ಕೂಲಿ ಹೋದರೆ ಹೋಗಲಿ.

ಈಗ ಮೇಸ್ತ್ರಿ ಹೇಳಿದ "ಗಟ್ಟಿ ಮಣ್ಣು" ವಿಷಯಕ್ಕೆ ಬರುತ್ತೇನೆ. ಅವರು ಸುಳ್ಳು ಹೇಳುತ್ತಿಲ್ಲ. ಡಿಸೆಂಬರ್ ಹೊತ್ತಿಗೆ ಪುತ್ತರಿ ಹಬ್ಬ ಕಳೆದ ಮೇಲೆ ನಮ್ಮ ಮಣ್ಣು ನಿಜವಾಗಿಯೂ ಗಟ್ಟಿಯಾಗಿ ನಿಲ್ಲುತ್ತದೆ. ಜೆಸಿಬಿ ಗೋಡೆಯ ಹಾಗೆ ನೇರ ಕಡಿದರೂ ಒಂದು ಹಿಡಿ ಉದುರುವುದಿಲ್ಲ. ಪುಟ್ಟು ಬೇಯಿಸಲು ನೀರು ಚಿಮುಕಿಸಿದ ಅಕ್ಕಿ ಹಿಟ್ಟನ್ನು ನೆನಪು ಮಾಡಿಕೊಳ್ಳಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ನಿಲ್ಲುತ್ತದೆ. ಇನ್ನೊಂದು ಲೋಟ ನೀರು ಹಾಕಿ ನೋಡಿ, ಉಂಡೆ ಇರುವುದಿಲ್ಲ. ಮಣ್ಣಿನ ಕಣಗಳ ನಡುವೆ ಇರುವ ಸ್ವಲ್ಪ ತೇವ ಅವುಗಳನ್ನು ಒಂದಕ್ಕೊಂದು ಎಳೆದು ಹಿಡಿದಿರುತ್ತದೆ. ನೀರು ಜಾಸ್ತಿಯಾದ ಕೂಡಲೇ ಆ ಹಿಡಿತ ಹೋಗುತ್ತದೆ. ಪೂರ್ತಿ ಒಣಗಿ ಬಿರುಕು ಬಿಟ್ಟರೂ ಹೋಗುತ್ತದೆ. ಅಂದರೆ ಫೆಬ್ರವರಿಯಲ್ಲಿ ನೀವು ನೋಡುವ ಗಟ್ಟಿತನ ಆ ತಿಂಗಳಿನದ್ದು. ಬರೆಯದ್ದಲ್ಲ.

ಇನ್ನೊಂದು ಸಮಸ್ಯೆ ಒಳಗಿದೆ. ಕಡಿದ ಬರೆಯನ್ನು ದೂರದಿಂದ ನೋಡಿ. ಮೇಲೆ ಕೆಂಪು ಮಣ್ಣು ಇರುತ್ತದೆ. ಅದರ ಕೆಳಗೆ ಎಷ್ಟೋ ಕಡೆ ಬಿಳಿ, ಹಳದಿ ಅಥವಾ ಗುಲಾಬಿ ಬಣ್ಣದ, ಬೆರಳಲ್ಲಿ ಉಜ್ಜಿದರೆ ಪೌಡರ್ ಹಾಗೆ ಆಗುವ ಮಣ್ಣು ಸಿಗುತ್ತದೆ. ಮಂಗಳೂರು ಕಡೆ ಇಂಥದ್ದಕ್ಕೆ ಶೇಡಿ ಮಣ್ಣು ಅನ್ನುತ್ತಾರೆ. ಬಂಡೆ ಕೊಳೆತು ಆದ ಮಣ್ಣು ಅದು. ಒಣಗಿದ್ದಾಗ ಕಲ್ಲಿನ ಹಾಗೆ, ನೆನೆದರೆ ಮೊಸರಿನ ಹಾಗೆ. ಮೇಲಿನಿಂದ ಇಳಿದ ನೀರು ಈ ಎರಡು ಪದರದ ನಡುವೆ ಹರಿಯುತ್ತದೆ. ಜಾರುವುದೂ ಅಲ್ಲೇ. ನಿಮ್ಮ ಜಾಗ ಹಳೆಯ ಕಾಫಿ ತೋಟ ಅಂದಿರಿ. ಹಾಗಾದರೆ ಮರ, ಗಿಡ ತೆಗೆದ ಮೇಲೆ ಬೇರುಗಳು ಒಳಗೇ ಕೊಳೆತಿರುತ್ತವೆ. ಮಣ್ಣನ್ನು ಹಿಡಿದಿಟ್ಟುಕೊಂಡಿದ್ದ ಹಗ್ಗಗಳೇ ಕಡಿದು ಹೋದ ಹಾಗೆ. ಆ ಬೇರಿನ ಜಾಗಗಳು ನೀರಿಗೆ ದಾರಿಯಾಗುತ್ತವೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳೇ ಇಳಿದು ಬಂದದ್ದನ್ನು ಕೊಡಗಿನವರು ಯಾರೂ ಮರೆತಿಲ್ಲ. ಆಮೇಲೆ ಬಂದು ನೋಡಿದ ಭೂವಿಜ್ಞಾನಿಗಳು, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ನೇರ ಕಡಿದದ್ದೂ ಒಂದು ಕಾರಣ ಅಂದರು. ಅಂದಿನಿಂದ ಎಲ್ಲರ ಕಣ್ಣು ಕಕ್ಕಡ ತಿಂಗಳ (ಜುಲೈ, ಆಗಸ್ಟ್) ದೊಡ್ಡ ಮಳೆಯ ಮೇಲಿದೆ. ಆದರೆ ಕಟ್ಟಡದ ಕೆಲಸಗಾರರು ಸಾಯುವುದು ಹೆಚ್ಚಾಗಿ ಆಗ ಅಲ್ಲ. ಆಗ ಕೆಲಸವೇ ನಿಂತಿರುತ್ತದೆ ಅಲ್ವಾ? ನಾನು ಹೆದರುವುದು ಮಾರ್ಚ್‌ನಿಂದ ಜೂನ್ ಮೊದಲ ವಾರದವರೆಗಿನ ದಿನಗಳಿಗೆ. ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ. ಒಂದು ಇಂಚು ಬಿದ್ದರೆ ಕಾಫಿ ಬೆಳೆಗಾರರಿಗೆ ಖುಷಿ. ಅದೇ ಒಂದು ಇಂಚು ಹೊಸದಾಗಿ ಕಡಿದ ಬರೆಯ ಬಿರುಕಿಗೂ ಇಳಿಯುತ್ತದೆ. ಮರುದಿನ ಬಿಸಿಲು. ಎಲ್ಲರಿಗೂ ಮಳೆ ಹಿಡಿಯುವ ಮೊದಲು ತಡೆಗೋಡೆ ಮುಗಿಸುವ ಅವಸರ. ಬರೆಯ ಬುಡಕ್ಕೆ ನಾಲ್ಕು ಜನರನ್ನು ಇಳಿಸುತ್ತಾರೆ.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ ಇಂಥದ್ದೇ ಒಂದು ಸಾವನ್ನು ಕಣ್ಣಾರೆ ನೋಡಿದೆ. ಎಂಟು ಅಡಿ ಬರೆ. ಎಂಟು ಅಡಿ ಅಂದರೆ ಯಾರಿಗೂ ಹೆದರಿಕೆ ಹುಟ್ಟಿಸುವ ಎತ್ತರ ಅಲ್ಲ. ಹುಡುಗನೊಬ್ಬ ಬಗ್ಗಿ ಪಾಯದ ಮೂಲೆ ಸರಿ ಮಾಡುತ್ತಿದ್ದ. ಸದ್ದೇ ಇಲ್ಲದೆ ಒಂದು ಹೆಂಟೆ ಕಳಚಿ ಬಿತ್ತು. ಅವನ ಎದೆಯವರೆಗೆ ಮಣ್ಣು. ತಲೆ ಹೊರಗೇ ಇತ್ತು. ಕಣ್ಣು ಬಿಟ್ಟಿದ್ದ, ಮಾತಾಡಿದ. ಬದುಕಿದ ಅಂತ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಸಲಿಕೆ ತಂದು ಬಿಡಿಸುವ ಹೊತ್ತಿಗೆ ಅವನ ಉಸಿರು ನಿಂತಿತ್ತು. ಯಾಕೆ ಅಂತ ನನಗೆ ಆಮೇಲೆ ಗೊತ್ತಾಯಿತು. ಉಸಿರು ಬಿಟ್ಟಾಗ ಎದೆ ಕುಗ್ಗುತ್ತದೆ. ಆ ಜಾಗಕ್ಕೆ ಮಣ್ಣು ಇಳಿಯುತ್ತದೆ. ಮತ್ತೆ ಎದೆ ಹಿಗ್ಗಲು ಜಾಗ ಇರುವುದಿಲ್ಲ. ಪ್ರತಿ ಉಸಿರಿಗೂ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಕೆಲವೇ ನಿಮಿಷ ಸಾಕು. ಆರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ದಪ್ಪದ ಹೆಂಟೆ ಎರಡೂವರೆ ಟನ್ ತೂಗುತ್ತದೆ. ಅದರ ಕೆಳಗೆ ಮನುಷ್ಯನ ಬಲಕ್ಕೆ ಲೆಕ್ಕವೇ ಇಲ್ಲ. ಆ ಹುಡುಗನ ಮುಖ ನನಗೆ ಇವತ್ತಿಗೂ ಮರೆತಿಲ್ಲ. ಹಣೆಬರಹ ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುವುದು ಅದಕ್ಕೇ. ಹಿಂದಿನ ಸಂಜೆ ಬರೆಯ ಮೇಲೆ, ಅಂಚಿನಿಂದ ಎರಡು ಅಡಿ ಹಿಂದೆ, ಉದ್ದಕ್ಕೆ ಒಂದು ಬಿರುಕು ಬಿಟ್ಟಿತ್ತು. ಮೂರು ಜನ ಅದನ್ನು ನೋಡಿದ್ದರು.

ಕಟ್ಟಡ ಕಾರ್ಮಿಕರ ಸುರಕ್ಷತೆಗೆ ಕೇಂದ್ರ ಸರ್ಕಾರ 1998ರಲ್ಲಿ ಮಾಡಿದ ನಿಯಮಗಳಲ್ಲಿ ಒಂದು ಅಳತೆ ಇದೆ. ಕೆಲಸಗಾರ ನಿಂತ ನೆಲದಿಂದ ಪಕ್ಕದ ಮಣ್ಣು 1.5 ಮೀಟರ್‌ಗಿಂತ ಎತ್ತರ ಇದ್ದು, ಅದು ಜರಿಯುವ ಅಪಾಯ ಇದ್ದರೆ, ಅದಕ್ಕೆ ಆಸರೆ ಕೊಡಲೇಬೇಕು. 1.5 ಮೀಟರ್ ಅಂದರೆ ಸುಮಾರು 5 ಅಡಿ. ನಿಂತವನ ಹೆಗಲಿನ ಮಟ್ಟ. ನಾನು ಮೇಸ್ತ್ರಿಗಳಿಗೆ ಹೀಗೇ ಹೇಳಿಕೊಡುತ್ತೇನೆ: ಬರೆ ಹೆಗಲು ಮುಟ್ಟಿದರೆ ಆಸರೆ ಕೊಡಿ. ಕೂತು, ಬಗ್ಗಿ ಮಾಡುವ ಕೆಲಸವಾದರೆ ಅದಕ್ಕಿಂತ ಕಡಿಮೆ ಎತ್ತರಕ್ಕೂ ಕೊಡಿ. ನಿಮ್ಮದು 14 ಅಡಿ.

ನಿಮ್ಮ ಬರೆಗೆ ಈಗ ಏನು ಮಾಡಬಹುದು? ಎಲ್ಲಕ್ಕಿಂತ ಒಳ್ಳೆಯದು ಇಳಿಜಾರು ಕೊಡುವುದು. ಅಷ್ಟು ಜಾಗ 8 ಸೆಂಟಿನಲ್ಲಿ ಸಿಗುವುದು ಕಷ್ಟ. ಹಾಗಾದರೆ ಮೆಟ್ಟಿಲು ಮಾಡಿಸಿ. ನಾಲ್ಕು, ಐದು ಅಡಿ ಎತ್ತರಕ್ಕೆ ಒಂದೊಂದು ಮೆಟ್ಟಿಲು, ಪ್ರತಿ ಮೆಟ್ಟಿಲಿಗೂ ಅಷ್ಟೇ ಅಗಲದ ಸಮ ಜಾಗ. ಮೇಲಿನಿಂದ ಕೆಳಕ್ಕೆ ಕಡಿಯಬೇಕು. ಬುಡದಿಂದ ಕೊರೆಯಬಾರದು. ಹಿಂದಿನ ಜಾಗ ಬೇರೆಯವರದಾದರೆ ಅವರ ಹತ್ತಿರ ಕೂತು ಮಾತಾಡಿ. ನಿಮ್ಮ ಬರೆ ಜರಿದರೆ ಅವರ ಜಾಗವೂ ಜರಿಯುತ್ತದೆ, ಹಾಗಾಗಿ ಮಾತಿಗೆ ಸಿಗುತ್ತಾರೆ.

ತಡೆಗೋಡೆಯ ಪಾಯವನ್ನು ಉದ್ದಕ್ಕೂ ಒಂದೇ ಸಲ ತೋಡಿಸಬೇಡಿ. ಇಷ್ಟು ಮಾತ್ರ ಕೈಮುಗಿದು ಕೇಳಿಕೊಳ್ಳುತ್ತೇನೆ. ನಲವತ್ತು ಅಡಿ ಗೋಡೆಯಾದರೆ ಹತ್ತು ಅಡಿಯ ನಾಲ್ಕು ತುಂಡು ಮಾಡಿ. ಮೊದಲು ಒಂದನೆಯದು, ಮೂರನೆಯದು ತೋಡಿ, ಗೋಡೆ ಎಬ್ಬಿಸಿ. ಆಮೇಲೆ ಎರಡನೆಯದು, ನಾಲ್ಕನೆಯದು. ಬರೆಯ ಬುಡವನ್ನು ಒಟ್ಟಿಗೆ ಕಿತ್ತರೆ ಇಡೀ ಬರೆ ಕಾಲಿಲ್ಲದ ಹಾಗೆ ಆಗುತ್ತದೆ. ಒಂದು ಬಿಟ್ಟು ಒಂದು ತೋಡಿದರೆ ಉಳಿದ ಮಣ್ಣು ಹಿಡಿದುಕೊಂಡಿರುತ್ತದೆ. ಇದಕ್ಕೆ ಒಂದೆರಡು ವಾರ ಜಾಸ್ತಿ ಬೇಕು, ಅಷ್ಟೇ. ಗುಂಡಿಯ ಪಕ್ಕಕ್ಕೆ ಆಸರೆ ಕೊಡಲು ಹೊಸ ಸಾಮಾನು ಬೇಡ. ಸ್ಲ್ಯಾಬ್‌ನ ಹಸಿ ಕಾಂಕ್ರೀಟ್ ಹೊರಲು ತರಿಸುವ ಸೆಂಟ್ರಿಂಗ್ ಹಲಗೆ, ಸಿಲ್ವರ್ ಓಕ್ ಕಂಬ ಮೊದಲೇ ತರಿಸಿ, ಎಂಜಿನಿಯರ್ ಹೇಳಿದ ಹಾಗೆ ಕೂರಿಸಿ. ಹದಿನಾಲ್ಕು ಅಡಿಯ ಗೋಡೆಗೆ ವಿನ್ಯಾಸ ಬೇಕೇ ಬೇಕು. ಅಂದಾಜಿನಲ್ಲಿ ಕಟ್ಟಿಸುವ ಎತ್ತರ ಅಲ್ಲ ಅದು.

ಬರೆಯ ನೆತ್ತಿಯ ಹಿಂದೆ ನೀರು ಬೇರೆ ಕಡೆ ಹೋಗುವ ಹಾಗೆ ಒಂದು ಚರಂಡಿ ತೆಗೆಸಿ. ಮೋಡ ಕಂಡರೆ ನೆತ್ತಿಯ ಮೇಲೆ ಟಾರ್ಪಾಲು ಹಾಸಿ. ತೋಡಿದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕಬಾರದು. ಗುಂಡಿಯ ಅರ್ಧ ಆಳದಷ್ಟು ದೂರ, ಕನಿಷ್ಠ 1.5 ಮೀಟರ್ ಬಿಡಬೇಕು. ಜೆಸಿಬಿ ಒಂದೇ 7 ಟನ್‌ಗಿಂತ ಜಾಸ್ತಿ ತೂಗುತ್ತದೆ. ಅದು, ಜಲ್ಲಿ ಲಾರಿ, ಸಿಮೆಂಟ್ ಲೋಡು ಯಾವುದೂ ನೆತ್ತಿಯ ಹತ್ತಿರ ನಿಲ್ಲಬಾರದು. ದಿನಾ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಒಬ್ಬರು ನೆತ್ತಿಯ ಮೇಲೆ ನಡೆದು ನೋಡಬೇಕು. ಹೊಸ ಬಿರುಕು, ಬುಡದಲ್ಲಿ ಕೆಸರು ನೀರು ಜಿನುಗುವುದು, ಸಣ್ಣ ಸಣ್ಣ ಕಾಳು ಉದುರುವುದು, ಮೇಲಿನ ಮರ ವಾಲಿದ್ದು. ಇದರಲ್ಲಿ ಒಂದು ಕಂಡರೂ ಆ ದಿನ ಯಾರೂ ಇಳಿಯಬಾರದು. ನಿಮಗೆ ಶಾಲೆಗೆ ಹೋಗುವ ದಾರಿಯಲ್ಲಿ ಹತ್ತು ನಿಮಿಷದ ಕೆಲಸ ಇದು. ನೀವೇ ಮಾಡಿ.

ಇಷ್ಟು ಮಾಡಿಯೂ ಜರಿದರೆ? ಮೊದಲು ಎಲ್ಲರೂ ಹೊರಗೆ ಬರಬೇಕು, ತಲೆ ಎಣಿಸಬೇಕು. ಬಿದ್ದವನನ್ನು ಎಳೆಯಲು ಓಡಿಹೋದವರ ಮೇಲೆ ಎರಡನೇ ಸಲ ಮಣ್ಣು ಬೀಳುವುದು ಸಾಮಾನ್ಯ. 112ಕ್ಕೆ ಫೋನ್ ಮಾಡಿ. ಮೇಲೆ ನಿಂತು ಬರೆಯನ್ನು ನೋಡುತ್ತಿರಲು ಒಬ್ಬರನ್ನು ಇಟ್ಟು, ಪಕ್ಕದಿಂದ ಹೋಗಿ, ಮುಖ ಮತ್ತು ಎದೆಯನ್ನು ಮೊದಲು ಬಿಡಿಸಿ. ಹತ್ತಿರದಲ್ಲಿ ಕೈಯಿಂದಲೇ ತೆಗೆಯಿರಿ. ಜೆಸಿಬಿ ಬಕೆಟ್ ಹಾಕಬೇಡಿ. ಕೈಗೆ ಹಗ್ಗ ಕಟ್ಟಿ ಎಳೆಯಬೇಡಿ.

ಬರೆ ದಾಟಿದ ಮೇಲೂ ಅಪಾಯ ಮುಗಿಯುವುದಿಲ್ಲ. ನೀವು ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಸೈಟ್ ಪಕ್ಕ ಕರೆಂಟ್ ಲೈನ್ ಇದೆಯಾ ನೋಡಿ. ಗುಡ್ಡದಲ್ಲಿ ಒಂದು ವಿಚಿತ್ರ ಇದೆ. ಕೆಳಗಿನ ರಸ್ತೆಯಿಂದ ನೋಡಿದರೆ ತಂತಿ ಆಕಾಶದಲ್ಲಿರುತ್ತದೆ. ನಿಮ್ಮ ಮೊದಲ ಸ್ಲ್ಯಾಬ್ ಮೇಲೆ ನಿಂತರೆ ಅದು ಎದೆಯ ಮಟ್ಟದಲ್ಲಿರುತ್ತದೆ. ಕಟ್ಟಡದಿಂದ 11 ಸಾವಿರ ವೋಲ್ಟ್ ಲೈನ್‌ಗೆ ಪಕ್ಕಕ್ಕೆ 1.2 ಮೀಟರ್, ಮೇಲಕ್ಕೆ 3.7 ಮೀಟರ್ ಅಂತರ ಇರಬೇಕು ಅಂತ ನಿಯಮ. ಅದು ಕಟ್ಟಿ ಮುಗಿದ ಮನೆಗೆ ಸಾಕು. ಕಟ್ಟುವವರಿಗೆ ಸಾಲದು. ಅಂಗಡಿಯಿಂದ ಬರುವ ಕಂಬಿ 12 ಮೀಟರ್ ಉದ್ದ, ಹತ್ತಿರ ಹತ್ತಿರ 40 ಅಡಿ. ಇಬ್ಬರು ಹುಡುಗರು ಅದನ್ನು ಸ್ಲ್ಯಾಬ್ ಮೇಲೆ ತಿರುಗಿಸಿದರೆ ತುದಿ ಎಲ್ಲಿಗೆ ಹೋಗುತ್ತದೆ ಅಂತ ಲೆಕ್ಕ ಹಾಕಿ. ಕಂಬಿಯನ್ನು ಕೆಳಗೇ ಕತ್ತರಿಸಿ ಮೇಲೆ ಕಳಿಸಲಿ. ಲೈನ್ ಹತ್ತಿರ ಇದ್ದರೆ ನಮ್ಮ ಕಡೆ ಕರೆಂಟ್ ಕೊಡುವ ಸೆಸ್ಕ್ ಕಂಪನಿಗೆ ಅರ್ಜಿ ಕೊಟ್ಟು ಸರಿಸಿ, ಇಲ್ಲವೇ ಕಂಬಿ ಕೆಲಸದ ದಿನ ಲೈನ್ ಆಫ್ ಮಾಡಿಸಿ. ಮಿಕ್ಸರ್, ವೈಬ್ರೇಟರ್, ಮೋಟಾರ್ ಓಡಿಸುವ ತಾತ್ಕಾಲಿಕ ಬೋರ್ಡಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ ಹಾಕಿಸಿ. ನಮ್ಮ ಕಡೆ ನೆಲ ಸದಾ ತೇವ. ಇದು ಇಲ್ಲದೆ ಒಂದು ದಿನವೂ ಕೆಲಸ ಬೇಡ.

ಸ್ಲ್ಯಾಬ್ ಹಾಕುವ ದಿನವನ್ನು ಹಬ್ಬದ ಹಾಗೆ ಮಾಡುತ್ತೇವೆ. ಆದರೆ ಅವತ್ತಿನ ತೂಕ ಗೊತ್ತಿರಬೇಕು. 1,000 ಚದರ ಅಡಿ, 5 ಇಂಚು ದಪ್ಪದ ಹಸಿ ಕಾಂಕ್ರೀಟ್ ಸುಮಾರು 29 ಟನ್. ಅದೆಲ್ಲ ಜಾಕಿಗಳ (ಸೆಂಟ್ರಿಂಗ್ ಹೊರುವ ಆಸರೆ ಕಂಬಗಳ) ಮೇಲೆ, ಜಾಕಿಗಳು ನೆಲದ ಮೇಲೆ. ನಿಮ್ಮಲ್ಲಿ ಕಡಿದ ಮಣ್ಣನ್ನೇ ಮುಂದೆ ತುಂಬಿ ಸಮ ಮಾಡಿರುತ್ತಾರೆ. ಆ ತುಂಬಿದ ಮಣ್ಣಿನ ಮೇಲೆ ನಿಂತ ಜಾಕಿ ರಾತ್ರಿ ಮಳೆಗೆ ಎರಡು ಇಂಚು ಇಳಿದರೂ ಸೆಂಟ್ರಿಂಗ್ ಒಂದು ಕಡೆಗೆ ವಾಲುತ್ತದೆ. ಪ್ರತಿ ಜಾಕಿಯ ಕೆಳಗೂ ಅಗಲವಾದ ಗಟ್ಟಿ ಹಲಗೆ ಇರಲಿ. ಕಾಂಕ್ರೀಟ್ ಸುರಿಯುವಾಗ ಕೆಳಗೆ ಯಾರೂ ಇರಬಾರದು, ಟೀ ಕುಡಿಯಲಿಕ್ಕೂ ಅಲ್ಲ. ಜಾಕಿ ತೆಗೆಯುವ ದಿನಗಳಿಗೂ ಲೆಕ್ಕ ಇದೆ. 4.5 ಮೀಟರ್‌ವರೆಗಿನ ಸ್ಲ್ಯಾಬ್‌ಗೆ 7 ದಿನ, ಅದಕ್ಕಿಂತ ಅಗಲಕ್ಕೆ 14 ದಿನ ಅಂತ ಎಲ್ಲರೂ ಬಾಯಿಪಾಠ ಹೇಳುತ್ತಾರೆ. ಆ ಲೆಕ್ಕ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಅದೂ ಹವೆ 15 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಮಾತ್ರ. ಡಿಸೆಂಬರ್, ಜನವರಿಯ ಮಡಿಕೇರಿ ರಾತ್ರಿಗೆ ಅದು ಹೊಂದುವುದಿಲ್ಲ. ಬೂದಿ ಬೆರೆಸಿದ ಪಿಪಿಸಿ ಸಿಮೆಂಟಾದರೆ ಇನ್ನೂ ನಿಧಾನ. ಬಾಡಿಗೆ ಉಳಿಸಲು ಜಾಕಿ ಬೇಗ ಬಿಚ್ಚಲು ಬಿಡಬೇಡಿ.

ಸಾರುವೆಯಿಂದ, ಚಾವಣಿಯಿಂದ ಬೀಳುವುದರ ಬಗ್ಗೆ ನಿಮಗೂ ಗೊತ್ತಿರುತ್ತದೆ. ಒಂದೇ ಮಾತು. ಬೆಲ್ಟ್ ಕೊಟ್ಟರೆ ಸಾಲದು, ಅದನ್ನು ಸಿಕ್ಕಿಸಲು ಗಟ್ಟಿ ಜಾಗ ಬೇಕು. ಶೀಟಿನ ಮೇಲೆ ನೇರ ಕಾಲಿಡಬಾರದು, ಏಣಿ ಅಥವಾ ಹಲಗೆ ಹಾಸಿ ನಡೆಯಬೇಕು. ಬೆಳಕಿಗೆ ಅಂತ ಹಾಕುವ ಫೈಬರ್ ಶೀಟ್ ಪಾಚಿ ಹಿಡಿದ ಮೇಲೆ ಬೇರೆ ಶೀಟಿನ ಹಾಗೇ ಕಾಣುತ್ತದೆ, ಕಾಲಿಟ್ಟರೆ ಒಡೆಯುತ್ತದೆ.

ಸಂಪ್ ವಿಷಯ ಮಾತ್ರ ಬಿಡಲಾರೆ, ಯಾಕೆಂದರೆ ಇದನ್ನು ಯಾರೂ ಅಪಾಯ ಅಂತ ಎಣಿಸುವುದೇ ಇಲ್ಲ. ಹೊಸ ಸಂಪಿಗೆ, ಸೆಪ್ಟಿಕ್ ಟ್ಯಾಂಕಿಗೆ ಮುಚ್ಚಳದ ಸ್ಲ್ಯಾಬ್ ಹಾಕಿ ಎರಡು ವಾರ ಬಿಡುತ್ತಾರೆ. ಆಮೇಲೆ ಸೆಂಟ್ರಿಂಗ್ ಬಿಚ್ಚಲು ಸಣ್ಣ ಬಾಯಿಯಿಂದ ಒಬ್ಬ ಇಳಿಯುತ್ತಾನೆ. ಒಳಗೆ ಒದ್ದೆ ಮರ ಕೊಳೆತು ಆಮ್ಲಜನಕ ಎಳೆದುಕೊಂಡಿರುತ್ತದೆ. ಕೊಳಕು ಇಲ್ಲ, ವಾಸನೆ ಇಲ್ಲ, ಹೊಸ ಟ್ಯಾಂಕು. ಇಳಿದವನು ಅಲ್ಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಹೋದ ಅಣ್ಣನೋ ಗೆಳೆಯನೋ ಜೊತೆಗೆ ಹೋಗುತ್ತಾನೆ. ಮುಚ್ಚಳಕ್ಕೆ ಎರಡು ಬಾಯಿ ಬಿಡಿಸಿ. ಹಿಂದಿನ ದಿನವೇ ತೆರೆದಿಟ್ಟು, ಬ್ಲೋವರ್‌ನಿಂದ ಗಾಳಿ ಆಡಿಸಿ. ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತ ಮೇಲೆ ಇಳಿಯಲಿ.

ಈಗ ಜವಾಬ್ದಾರಿ ಯಾರದು ಅನ್ನುವುದು. ಇಲ್ಲಿ ನಿಮಗೆ ಒಂದು ಕಹಿ ಸತ್ಯ ಹೇಳಬೇಕು. ನಿಮ್ಮಂಥ ಮನೆ ಕೆಲಸದ ಮೇಲೆ ಸುರಕ್ಷತೆಯ ಕಾನೂನಿನ ಕಣ್ಣು ಬೀಳುವುದು ಕಷ್ಟ. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹತ್ತು ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗೆ ಮಾತ್ರ ಇತ್ತು. 10 ಲಕ್ಷದೊಳಗಿನ ಸ್ವಂತ ವಾಸದ ಮನೆಯನ್ನು ಹೊರಗಿಟ್ಟಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಆ ಮಿತಿ 50 ಲಕ್ಷ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳು ಇದರೊಳಗೇ ಬರುತ್ತವೆ. ಅಂದರೆ ತಪಾಸಣೆಗೆ ಅಧಿಕಾರಿ ಬರುತ್ತಾರೆ ಅಂತ ಕಾಯಬೇಡಿ. ಆ ಸೈಟಿನಲ್ಲಿ ಕೆಲಸ ನಿಲ್ಲಿಸುವ ಅಧಿಕಾರ ಇರುವ ಮನುಷ್ಯ ನೀವೇ. ಮೇಸ್ತ್ರಿಗೆ ಮುಂದಿನ ಕೆಲಸದ ಅವಸರ. ಅಸ್ಸಾಂನಿಂದ, ಬಂಗಾಳದಿಂದ, ರಾಯಚೂರಿನಿಂದ ಬಂದ ಹುಡುಗನಿಗೆ ಬೇಡ ಅನ್ನುವ ಧೈರ್ಯ ಇಲ್ಲ. ಅಂದಿನ ಕೂಲಿ ಹೋಗುತ್ತದೆ, ಭಾಷೆಯೂ ಬರುವುದಿಲ್ಲ. ಹಣ ಕೊಡುವವರ ಮಾತನ್ನು ಮಾತ್ರ ಎಲ್ಲರೂ ಕೇಳುತ್ತಾರೆ.

ಹಾಗಾಗಿ ಕರಾರು ಪತ್ರದಲ್ಲಿ ಕಬ್ಬಿಣ, ಸಿಮೆಂಟ್ ಬರೆಯುವ ಹಾಗೇ ಬರೆಯ ಆಸರೆ, ಸಾರುವೆ, ಬೆಲ್ಟ್, ಹೆಲ್ಮೆಟ್ ಇವುಗಳನ್ನೂ ಬೇರೆ ಬೇರೆ ಸಾಲಾಗಿ, ಮೊತ್ತ ಹಾಕಿ ಬರೆಸಿ. ಚದರ ಅಡಿ ರೇಟಿನೊಳಗೆ ಸೇರಿದೆ ಅಂದರೆ ಅದು ಬರುವುದಿಲ್ಲ. ಉಳಿಸಿದಷ್ಟು ಅವರಿಗೆ ಲಾಭ. ಮಳೆ ಬಂದು ಕೆಲಸ ನಿಂತ ದಿನಕ್ಕೆ ಅರ್ಧ ಕೂಲಿ ನಾವು ಕೊಡುತ್ತೇವೆ ಅಂತಲೂ ಒಂದು ಸಾಲು ಸೇರಿಸಿ. ಒದ್ದೆ ಬರೆಯ ಕೆಳಗೆ ಜನ ಇಳಿಯುವುದು ಹೊಟ್ಟೆಪಾಡಿಗೆ. ಈ ಒಂದು ಸಾಲು ಹೆಲ್ಮೆಟ್‌ಗಿಂತ ಹೆಚ್ಚು ಜೀವ ಉಳಿಸುತ್ತದೆ ಅಂತ ನನ್ನ ನಂಬಿಕೆ.

ಸುರಕ್ಷತೆಯ ಕಾನೂನು ಸಣ್ಣ ಸೈಟ್ ಬಿಟ್ಟರೂ ಪರಿಹಾರದ ಕಾನೂನು ಬಿಡುವುದಿಲ್ಲ. ಒಂದು ಅಂತಸ್ತಿಗಿಂತ ಹೆಚ್ಚಿರುವ, ಇಲ್ಲವೇ ಚಾವಣಿಯ ತುದಿ 12 ಅಡಿ ಮುಟ್ಟುವ ಕಟ್ಟಡದ ಕೆಲಸ ಅದರೊಳಗೆ ಬರುತ್ತದೆ. ಕಂಟ್ರಾಕ್ಟರ್‌ಗೆ ಪೂರ್ತಿ ಕೆಲಸ ವಹಿಸಿದ್ದರೆ, ಪರಿಹಾರ ಕೊಡಬೇಕಾದ ಕೆಲಸದ ಮಾಲೀಕ ಅವರು. ನೀವೇ ಆಳು ಕರೆದು ದಿನಗೂಲಿ ಕೊಡುತ್ತಿದ್ದರೆ ಆ ಜಾಗದಲ್ಲಿ ನೀವು ನಿಲ್ಲಬೇಕಾಗುತ್ತದೆ. ಜನರಲ್ ಇನ್ಶೂರೆನ್ಸ್ ಕಂಪನಿಗಳಲ್ಲಿ ಕಾರ್ಮಿಕರ ಪರಿಹಾರ ಪಾಲಿಸಿ ಸಿಗುತ್ತದೆ. ಕೆಲಸ ನಡೆಯುವ ತಿಂಗಳುಗಳಿಗೆ, ಇಷ್ಟು ಜನ ಅಂತ ಮಾಡಿಸಬಹುದು. ಅದು ಮಾಡಿಸದೆ ಮುಂದೆ ಹೋಗಬೇಡಿ. ಬ್ಯಾಂಕ್ ಖಾತೆ ಇರುವ ಪ್ರತಿ ಕೆಲಸಗಾರನಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಲು ನೀವಿಬ್ಬರೂ ಅರ್ಜಿ ತುಂಬಿಕೊಡಿ.

ಕೊನೆಗೆ ಆ ಹುಡುಗನ ಮನೆಯವರು. ಅವರಿಗೆ ಹಕ್ಕಿದೆ, ಅದು ಯಾರ ದಯೆಯೂ ಅಲ್ಲ. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಲೆಕ್ಕವೇ ಹೊಸ ಸಂಹಿತೆಯಲ್ಲೂ ಇದೆ. ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ ಗುಣಿಸುತ್ತಾರೆ. 25 ವರ್ಷಕ್ಕೆ ಆ ಸಂಖ್ಯೆ 216.91. 2020ರಲ್ಲಿ ಗೊತ್ತುಮಾಡಿದ ಹಾಗೆ ತಿಂಗಳ ಕೂಲಿಯನ್ನು 15,000 ಅಂತ ಹಿಡಿದರೆ 16,26,825 ರೂಪಾಯಿ ಆಗುತ್ತದೆ. ಒಂದೆರಡು ಲಕ್ಷ ಕೈಗಿಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಪರಿಹಾರ ಅಂತ ಲೆಕ್ಕಕ್ಕೆ ಬರುವುದಿಲ್ಲ. ಹಣವನ್ನು ಪರಿಹಾರದ ಅಧಿಕಾರಿಯ ಬಳಿಯೇ ಕಟ್ಟಬೇಕು. "ಹೆಲ್ಮೆಟ್ ಹಾಕಿರಲಿಲ್ಲ, ಹೇಳಿದ ಮಾತು ಕೇಳಲಿಲ್ಲ" ಅನ್ನುವ ನೆಪ ಸಾವಾದ ಕಡೆ ನಡೆಯುವುದಿಲ್ಲ. ಕಾನೂನೇ ಅದನ್ನು ತೆಗೆದುಹಾಕಿದೆ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅವನ ಹೆಂಡತಿ ಮಡಿಕೇರಿಗೆ ಬರಬೇಕು ಅಂತಲೂ ಇಲ್ಲ, ತಾನಿರುವ ಊರಿನಲ್ಲೇ ಹಾಕಬಹುದು. ವಕೀಲರ ಖರ್ಚಿಲ್ಲದೆ ಸಹಾಯ ಮಾಡಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ಸಹಾಯವಾಣಿ 15100.

ಇದರಲ್ಲಿ ನೀವು ಮಾಡಬಹುದಾದ ಒಂದು ಕೆಲಸ ಇದೆ. ಅವನು ಯಾರ ಕೈಕೆಳಗೆ, ಯಾವ ಜಾಗದಲ್ಲಿ, ಎಷ್ಟು ಕೂಲಿಗೆ ಕೆಲಸ ಮಾಡುತ್ತಿದ್ದ ಅನ್ನುವುದಕ್ಕೆ ಸಾಕ್ಷಿ ಬೇಕು. ಜೊತೆಯಲ್ಲಿದ್ದ ಹುಡುಗರು ಇಷ್ಟರಲ್ಲಿ ಬೇರೆ ಊರಿಗೆ ಹೋಗಿರುತ್ತಾರೆ. ಎಫ್‌ಐಆರ್ ಮತ್ತು ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ಆ ಮನೆಗೆ ತಲುಪಿದೆಯಾ ವಿಚಾರಿಸಿ. ಎಫ್‌ಐಆರ್‌ನಲ್ಲಿ ಕೆಲಸ ಮಾಡುವಾಗ ಬರೆ ಜರಿದು ಸತ್ತ ಅಂತ ಇದೆಯಾ ನೋಡಿ. ನೀವು ಕಂಡದ್ದನ್ನು ತಾರೀಕು ಹಾಕಿ ಈಗಲೇ ಬರೆದಿಡಿ. ಆ ದಿನದ ಫೋಟೊ ನಿಮ್ಮ ಫೋನಿನಲ್ಲಿದ್ದರೆ ಅಳಿಸಬೇಡಿ.